ಹದಿನಾರನೇ ಚಾನೆಲ್ಲಿನ ಸತ್ಯವಾಣಿ

ಸಮುದ್ರದ ನಡುವೆ ಆಡಿದ ಮಾತು ನಿಜವೋ ಸುಳ್ಳೋ ಎಂದು ದಡದಲ್ಲಿ ಕುಳಿತವರಿಗೆ ಆ ಕ್ಷಣವೇ ತಿಳಿದುಬಿಟ್ಟರೆ ಏನಾದೀತು? ಬೆಳ್ಳಂಗೋಡು ಬಂದರಿನಲ್ಲಿ ಏನಾಯಿತೆಂದರೆ, ಯಂತ್ರ ಬಂದ ಮೊದಲ ದಿನ ಸುಳ್ಳಿನಲ್ಲಿ ಸಿಕ್ಕಿಬಿದ್ದವಳು ಅದನ್ನು ನೋಡಿಕೊಳ್ಳಲೆಂದೇ ನೇಮಕವಾಗಿದ್ದ ಪ್ರಫುಲ್ಲೆ.

ಅವಳು ಎಂದಿನಂತೆ ಮೈಕಿನ ಮುಂದೆ ಕುಳಿತು, ಗಂಟಲು ಸರಿಮಾಡಿಕೊಂಡು, "ಎಲ್ಲ ಬೋಟುಗಳ ಗಮನಕ್ಕೆ. ನಾಳೆ ಸಮುದ್ರ ಶಾಂತವಾಗಿರುತ್ತದೆ" ಎಂದು ಹವಾಮಾನ ವರದಿ ಓದಿದಳು. ಪರದೆಯ ಮೇಲೆ ಕೆಂಪಕ್ಷರದಲ್ಲಿ ಮೂವತ್ತೆಂಟು ಎಂದು ಬಂತು.

"ಸುಳ್ಳು ಹೇಳ್ತಿದ್ದೀರಿ ಅಂತಿದೆ ಮಾರಾಯ್ರೆ ಇದು!" ಎಂದರು ಕೇಂದ್ರದ ಮುಖ್ಯಸ್ಥ ಉಪಾಧ್ಯರು, ಕನ್ನಡಕ ಹಣೆಗೇರಿಸಿ.

"ನಾನು ಬರೆದದ್ದನ್ನೇ ಓದಿದ್ದು ಸಾರ್."

"ಓದಿದ್ದು ಹೌದು. ನಂಬಿದ್ದೀರಾ?"

ಸಮುದ್ರ ಶಾಂತವಾಗಿರುತ್ತದೆ ಎಂಬುದನ್ನು ಪ್ರಫುಲ್ಲೆ ಹುಟ್ಟಿದಾಗಿನಿಂದ ಒಮ್ಮೆಯೂ ನಂಬಿದವಳಲ್ಲ. ಗಾಳಿ ಬೀಸಿದರೆ ಬೀಸಿತಲ್ಲ ಎಂದು, ಬೀಸದಿದ್ದರೆ ಎಲ್ಲೋ ಹೊಂಚು ಹಾಕುತ್ತಿದೆ ಎಂದು ಕಳವಳಪಡುವ ಹೆಂಗಸು ಅವಳು. ಕುಂದಾಪುರದ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದ್ದು, ಬಂದರಿನ ರೇಡಿಯೋ ಕೇಂದ್ರ ಸೇರಿದ್ದು ಕೂಡ ಆ ಕಳವಳದಿಂದಲೇ. ಗಂಡ ಭೋಜ 'ಜಲಜ್ಯೋತಿ' ಎಂಬ ಮೀನುಬೋಟನ್ನು ನಡೆಸುವ ತಂಡೇಲ. ಅವನ ದನಿ ದಿನಕ್ಕೊಮ್ಮೆಯಾದರೂ ಕಿವಿಗೆ ಬೀಳುವ ಕೆಲಸ ಇದೊಂದೇ.

ಯಂತ್ರದ ಹೆಸರು ಸತ್ಯವಾಣಿ. ಮನುಷ್ಯ ನಂಬದ ಮಾತನ್ನು ಆಡುವಾಗ ಅವನ ಗಂಟಲಿನ ತಂತುಗಳು ಕೂದಲೆಳೆಯಷ್ಟು ಬಿಗಿಯುತ್ತವೆ, ಮಾತಿಗೆ ಮೊದಲಿನ ಉಸಿರು ಅರೆಗಳಿಗೆ ತಡೆಯುತ್ತದೆ. ಕಿವಿಗೆ ಗೊತ್ತಾಗದ ಇದನ್ನು ಯಂತ್ರ ಗೊರಗೊರ ರೇಡಿಯೋದ ನಡುವೆಯೂ ಹೆಕ್ಕಿ, ಪ್ರತಿ ವಾಕ್ಯಕ್ಕೂ ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತಿತ್ತು. ಅಪಾಯದ ಕರೆಗೆ ಒಟ್ಟಾರೆ ನಲವತ್ತಕ್ಕಿಂತ ಕಡಿಮೆ ಬಂದರೆ ರಕ್ಷಣಾ ಬೋಟಿನ ಬೀಗ ತೆರೆಯುತ್ತಿರಲಿಲ್ಲ.

ಇಷ್ಟು ಬಿಗಿ ಬೇಕೇ ಎಂದರೆ, ಬೇಕಿತ್ತು. ಅಪಾಯದ ಕರೆಗಳಿಗೆಂದೇ ಮೀಸಲಾದ ಹದಿನಾರನೇ ಚಾನೆಲ್ಲಿನಲ್ಲಿ ಹಿಂದಿನ ವರ್ಷ ಒಂದು ಬೋಟಿನಿಂದ "ಜೀವ ಹೋಗ್ತಾ ಇತ್ತ್, ಬೇಗ ಬನ್ನಿ" ಎಂದು ಕರೆ ಬಂದಿತ್ತು. ರಕ್ಷಣಾ ಬೋಟು ಅಲೆಗಳನ್ನು ಸೀಳಿಕೊಂಡು ಹೋಗಿ ನೋಡಿದರೆ, ಅಡುಗೆಗೆ ತಂದ ತೆಂಗಿನಕಾಯಿ ಮುಗಿದು ಏಳು ಜನ ಸಾರಿಲ್ಲದೆ ಕುಳಿತಿದ್ದರು. ಇನ್ನೊಂದು ಬೋಟಿನವರಿಗೆ ಕ್ರಿಕೆಟ್ಟಿನ ಸ್ಕೋರು ಬೇಕಿತ್ತು.

ಸತ್ಯವಾಣಿಯಿಂದ ಇವೆಲ್ಲ ನಿಂತವು. ಆದರೆ ಉಪಾಧ್ಯರ ನೆಮ್ಮದಿಯೂ ನಿಂತುಹೋಯಿತು. ಯಂತ್ರ ದಿನವಿಡೀ ಬೋಟಿನವರ ಹರಟೆಯನ್ನು ಕೇಳಿ, ಬೆಳ್ಳಂಗೋಡಿನ ಸರಾಸರಿ ಸತ್ಯ ನೂರಕ್ಕೆ ಇಪ್ಪತ್ತೆರಡು ಎಂದು ವಾರದ ಕೊನೆಗೆ ವರದಿ ಕೊಟ್ಟಿತು.

"ಇಡೀ ಊರೇ ಸುಳ್ಳು ಹೇಳ್ತದಾ ಪ್ರಫುಲ್ಲಾ?"

"ಸುಳ್ಳಲ್ಲ ಸಾರ್ ಅದು. ಮರ್ಯಾದೆ."

ಅವಳು ವಿವರಿಸಿದಳು. ಸಮುದ್ರದಲ್ಲಿ ಒಬ್ಬ ತಂಡೇಲ ಇನ್ನೊಬ್ಬನಿಗೆ "ಮೀನ್ ಸಿಕ್ತಾ?" ಎಂದು ಕೇಳಲೇಬೇಕು, ಕೇಳದಿದ್ದರೆ ಅಹಂಕಾರ. ಇವನು "ಎಂತದೂ ಇಲ್ಲೆ ಮಾರಾಯ, ಬಲಿ ತುಂಬ ಬರೀ ಕಸ" ಎನ್ನಬೇಕು. ಸಿಕ್ಕಿತು ಎಂದರೆ ಜಂಬ. "ಎಲ್ಲಿದ್ದೆ?" ಎಂದರೆ "ಲೈಟ್ ಹೌಸ್ ಎದ್ರಿಗೆ" ಎನ್ನಬೇಕು. ಕೇಳಿದವನು ನಂಬಿದೆ ಎನ್ನಬೇಕು. ಮೀನು ಕೂಡುವ ಜಾಗವನ್ನು ಅಪ್ಪ ಮಗನಿಗೆ ಮಾತ್ರ ಹೇಳುತ್ತಾನೆ, ಅದೂ ಸಾವಿನ ಹಾಸಿಗೆ ಹಿಡಿದ ಮೇಲೆ. ಕಾನೂನಿನ ಪ್ರಕಾರ ಬೋಟಿನಲ್ಲಿರಬೇಕಾದ, ಇರುವ ಜಾಗವನ್ನು ತಾನಾಗಿಯೇ ಕೇಂದ್ರಕ್ಕೆ ತಿಳಿಸುವ ಪೆಟ್ಟಿಗೆಗಳನ್ನೆಲ್ಲ ಊರವರು ಬಂದರಿನ ಐಸ್ ಕಾರ್ಖಾನೆಯ ಗೋಡೆಗೆ ನೇತುಹಾಕಿ ಹೋಗುತ್ತಿದ್ದುದೂ ಇದೇ ಕಾರಣಕ್ಕೆ. ಉಪಾಧ್ಯರ ನಕ್ಷೆಯಲ್ಲಿ ಅರವತ್ತು ಬೋಟುಗಳೂ ಹಗಲಿಡೀ ಐಸ್ ಕಾರ್ಖಾನೆಯೊಳಗೆ ಮೀನು ಹಿಡಿಯುತ್ತಿದ್ದವು. ರೇಡಿಯೋ ದನಿ ಬರುವ ದಿಕ್ಕು ಹೇಳಬಲ್ಲ ಎರಡನೆಯ ಗೋಪುರವೊಂದಿದ್ದರೆ ಸಾಕಿತ್ತು, ಅದಿನ್ನೂ ಟೆಂಡರಿನಲ್ಲಿತ್ತು.

ಸಿಬ್ಬಂದಿಗೆ ಅಭ್ಯಾಸವಾಗಲೆಂದು ಯಂತ್ರದ ಚಿಕ್ಕ ಮಾದರಿಯೊಂದನ್ನು ಮನೆಗೂ ಕೊಟ್ಟಿದ್ದರು. ಅಂಗೈಯಗಲದ ಡಬ್ಬಿ, ಸುಳ್ಳು ಕೇಳಿದರೆ ಗುಂಯ್ ಎನ್ನುತ್ತಿತ್ತು. ಮೊದಲ ಊಟಕ್ಕೇ ಅದು ಕೆಲಸ ಶುರುಮಾಡಿತು.

"ಸಾರ್ ಹ್ಯಾಂಗಿತ್ತ್?" ಎಂದಳು ಪ್ರಫುಲ್ಲೆ.

"ಲಾಯ್ಕಿತ್ತ್" ಎಂದ ಭೋಜ. ಡಬ್ಬಿ ಗುಂಯ್ ಎಂದಿತು.

ಅತ್ತೆ ಮುತ್ತಕ್ಕ ನಗೆ ತಡೆಯಲಾರದೆ ತಟ್ಟೆಗೆ ಬಗ್ಗಿದರು. ಪ್ರಫುಲ್ಲೆ ಬಿಡಲಿಲ್ಲ. ಮದುವೆಯಾದಾಗಿನಿಂದ ಎದೆಯೊಳಗೆ ಕೊರೆಯುತ್ತಿದ್ದುದನ್ನು ಕೇಳಿಯೇಬಿಟ್ಟಳು: "ನೀವು ಮೂವತ್ತು ಮಾರಿಗಿಂತ ಆಳಕ್ಕೆ ಹೋಪುದಿಲ್ಲ ಅಂತ ನಂಗೆ ಮಾತು ಕೊಟ್ಟಿದ್ರಿ. ಹೋಪುದಿಲ್ಲ ಅಲ್ದಾ?"

ಭೋಜ ಬಾಯಿ ತೆರೆದ, ಡಬ್ಬಿಯನ್ನು ನೋಡಿದ, ಬಾಯಿ ಮುಚ್ಚಿದ. ಅಂದಿನಿಂದ ಮನೆಯಲ್ಲಿ ಅವನು ಮಾತೇ ಆಡಲಿಲ್ಲ. ನೀರು ಬೇಕಾದರೆ ಹೆಬ್ಬೆರಳು, ಅನ್ನ ಬೇಕಾದರೆ ಐದೂ ಬೆರಳು. ಪಕ್ಕದ ಮನೆಯವರು ಗಂಟಲಿಗೆ ಕಷಾಯ ಕೊಟ್ಟುಹೋದರು.

ಡಬ್ಬಿ ಮನೆ ಬಿಟ್ಟದ್ದು ಮುತ್ತಕ್ಕನ ದೆಸೆಯಿಂದ. ಎಲೆಅಡಿಕೆಯ ಸಂಚಿಯ ಜೊತೆ ಅದು ಹೇಗೋ ಅವರ ಮೀನಿನ ಬುಟ್ಟಿ ಸೇರಿ ಪೇಟೆಗೆ ಹೋಯಿತು. "ಈಗ ದೋಣಿಯಿಂದ ಇಳ್ದದ್ದ್ ಅಮ್ಮಾ, ಕಣ್ಣ್ ಕಾಣಿ ಹ್ಯಾಂಗ್ ಹೊಳಿತಿತ್ತ್" ಎಂದಾಗಲೆಲ್ಲ ಬಂಗುಡೆಯ ರಾಶಿಯೊಳಗಿಂದ ಗುಂಯ್ ಎಂದಿತು. ಗಿರಾಕಿಗಳು ಮೀನಿನಲ್ಲಿ ದುಂಬಿ ಹೊಕ್ಕಿದೆಯೆಂದು ಹಿಂದೆ ಸರಿದರು. ಸಂಜೆ ಮುತ್ತಕ್ಕ ಡಬ್ಬಿಯನ್ನು ಸೊಸೆಯ ಕೈಗಿಟ್ಟು, "ಇದನ್ನ ನಿನ್ನ ಆಫೀಸಿನಂಗೇ ಇಟ್ಕೊ ಮಗಾ. ಮನುಷ್ಯರ್ ಇಪ್ಪಲ್ಲಿ ಇದ್ ಆಪುದಲ್ಲ" ಎಂದರು.

ಭೋಜನ ಬಾಯಿ ಆ ಸಂಜೆಯೇ ತೆರೆಯಿತು. ಆದರೆ ಆಳದ ಪ್ರಶ್ನೆಗೆ ಉತ್ತರ ಬರಲಿಲ್ಲ. ಪ್ರಫುಲ್ಲೆಯೂ ಮತ್ತೆ ಕೇಳಲಿಲ್ಲ. ಬಾರದ ಉತ್ತರವೇ ಸಾಕಷ್ಟು ಹೇಳಿತ್ತು.

ಕೆಲವು ದಿನಗಳ ಮೇಲೆ ಒಂದು ಮಧ್ಯಾಹ್ನ ಪಡುವಣದಲ್ಲಿ ಮಳೆಯ ಪರದೆ ಇಳಿದಿತ್ತು. ಕಿಟಕಿಯಿಂದ ನೋಡಿದರೆ ಸಮುದ್ರವೂ ಆಕಾಶವೂ ಒಂದೇ ಬೂದಿಬಣ್ಣ. ಉಪಾಧ್ಯರು ಮಜ್ಜಿಗೆ ಕುಡಿಯುತ್ತಿದ್ದರು. ಹದಿನಾರನೇ ಚಾನೆಲ್ಲು ಗೊರಗುಟ್ಟಿತು.

"ಬೆಳ್ಳಂಗೋಡು ಕೇಂದ್ರ, ಬೆಳ್ಳಂಗೋಡು ಕೇಂದ್ರ. ಜಲಜ್ಯೋತಿ ಮಾತಾಡೂದ್. ಬೋಟಿನಡಿ ಫ್ಯಾನಿನ ಶಾಫ್ಟ್ ಹತ್ರ ಒಡ್ದ್ ನೀರ್ ಒಳಗ್ ಬತ್ತಾ ಇತ್ತ್. ಇಂಜಿನ್ ನಿಂತಿತ್ತ್. ಲೈಟ್ ಹೌಸ್ ಎದ್ರಿಗೆ ಹದಿನೆಂಟ್ ಮಾರಿನಲ್ಲಿ ಇದ್ದೆ. ಗಾಬರಿ ಎಂತದೂ ಇಲ್ಲೆ. ಪಂಪ್ ಕಳ್ಸಿ."

ಪರದೆಯ ಮೇಲೆ ಮೂವತ್ತೊಂದು ಬಂತು. ಅದರ ಕೆಳಗೆ ಯಂತ್ರದ ಷರಾ: ಕರೆ ನಂಬಲರ್ಹವಲ್ಲ. ಬೀಗ ಅಲುಗಲಿಲ್ಲ.

ಇಷ್ಟು ವರ್ಷ ಪ್ರಫುಲ್ಲೆ ಮನಸ್ಸಿನಲ್ಲಿ ಹಗಲೂ ರಾತ್ರಿ ಕೇಳಿಸಿಕೊಂಡಿದ್ದ ಕರೆ ಅದು. ಕೇಳಿಸಿಕೊಂಡು ಅಭ್ಯಾಸವಿದ್ದುದರಿಂದಲೋ ಏನೋ, ಗಾಬರಿಯ ನಡುವೆಯೂ ತಲೆ ಓಡುತ್ತಿತ್ತು.

"ಸಾರ್, ಅದು ಒಟ್ಟು ಅಂಕ. ವಾಕ್ಯ ವಾಕ್ಯ ಬೇರೆ ಮಾಡ್ತೇನೆ" ಎಂದು ಮೈಕು ಹಿಡಿದಳು. "ಜಲಜ್ಯೋತಿ, ಕೇಂದ್ರದಿಂದ. ಕೇಳಿದಷ್ಟಕ್ಕೇ ಉತ್ತರ ಕೊಡಿ. ನೀರು ಒಳಗೆ ಬರ್ತಾ ಇದೆಯಾ?"

"ಬತ್ತಾ ಇತ್ತ್ ಅಂದೆ ಅಲ್ದಾ!"

ತೊಂಬತ್ತಾರು. ಕೆಳಗೆ ಜೆಟ್ಟಿಯಲ್ಲಿ ಬೀಗ ಖಟ್ಟೆಂದು ತೆರೆದ ಸದ್ದು ಕೇಳಿಸಿತು. ರಕ್ಷಣಾ ಬೋಟಿನವರು ಹಾರಿ ಕುಳಿತು ಇಂಜಿನ್ ಹಚ್ಚಿದರು.

"ಎಷ್ಟು ಜನ ಇದ್ದೀರಿ?"

"ಏಳ್ ಜನ." ತೊಂಬತ್ತೆಂಟು.

"ಗಾಬರಿ ಇಲ್ವಾ?"

"ಇಲ್ಲೆ." ಹನ್ನೆರಡು.

"ಎಲ್ಲಿದ್ದೀರಿ?"

"ಲೈಟ್ ಹೌಸ್ ಎದ್ರಿಗೆ." ಒಂಬತ್ತು.

ಉಪಾಧ್ಯರ ಕೈಯ ಮಜ್ಜಿಗೆ ಲೋಟ ಓರೆಯಾಯಿತು. "ಮುಳುಗ್ತಾ ಇರುವಾಗಲೂ ಸುಳ್ಳಾ? ಎಂತಕ್ಕೆ ಮಾರಾಯ್ರೆ?"

"ಮೀನಿನ ಜಾಗದಲ್ಲಿದ್ದಾರೆ ಸಾರ್. ಎಲ್ಲ ಬೋಟಿನವರೂ ಈ ಚಾನೆಲ್ ಕೇಳ್ತಿದ್ದಾರೆ."

ಕೇಳುತ್ತಿದ್ದರು ಮಾತ್ರವಲ್ಲ, ಕೈಕಟ್ಟಿ ಕೂರುವ ಜನವೂ ಅಲ್ಲ. "ಭೋಜಣ್ಣ, ನಾನ್ ಶೀನ! ಹೆದ್ರಬೇಡ. ಹೊರ್ಟೆ. ಲೈಟ್ ಹೌಸ್ ಹತ್ರವೇ ಇದ್ದೆ, ಈಗ ಮುಟ್ಟಿದೆ" ಎಂದು 'ಸಾಗರಪುತ್ರ'ದ ತಂಡೇಲ ಕೂಗಿದ. ಅವನ ಹಿಂದೆ ಇನ್ನೂ ಮೂರು ನಾಲ್ಕು ಬೋಟಿನವರು ಲೈಟ್ ಹೌಸಿಗೆ ಹೊರಟೆವೆಂದರು. ಪರದೆಯ ಮೇಲೆ ಎಲ್ಲರ 'ಹೊರಟೆ'ಗೂ ತೊಂಬತ್ತರ ಮೇಲೆ. 'ಲೈಟ್ ಹೌಸ್ ಹತ್ರ ಇದ್ದೆ'ಗೆ ಹತ್ತರ ಕೆಳಗೆ. ಎಲ್ಲೆಲ್ಲೋ ಇದ್ದ ಬೋಟುಗಳೆಲ್ಲ ಪ್ರಾಣ ಉಳಿಸಲು ಪ್ರಾಮಾಣಿಕವಾಗಿ, ಭೋಜನಿಲ್ಲದ ಜಾಗಕ್ಕೆ ಧಾವಿಸುತ್ತಿದ್ದವು.

"ಹ್ವಾಯ್" ಎಂದಳು ಪ್ರಫುಲ್ಲೆ. ಸರ್ಕಾರಿ ಚಾನೆಲ್ಲಿನಲ್ಲಿ ಗಂಡನನ್ನು ಹಾಗೆ ಕರೆದದ್ದು ಅದೇ ಮೊದಲು. "ದಮ್ಮಯ್ಯ ಅಂತೆ, ಜಾಗ ಹೇಳಿ."

ರೇಡಿಯೋದೊಳಗಿಂದ ಬಕೆಟ್ಟಿನಲ್ಲಿ ನೀರು ಎತ್ತಿ ಚೆಲ್ಲುವ ಸದ್ದು. "ಅಪ್ಪಯ್ಯಂಗೆ ಮಾತ್ ಕೊಟ್ಟಿದ್ದೆ ಮಾರಾಯ್ತಿ. ಬಾಯ್ಬಿಟ್ಟ್ ಹೇಳುಕಾಗ. ರಕ್ಷಣಾ ಬೋಟ್ ಲೈಟ್ ಹೌಸಿಗೆ ಬರ್ಲಿ, ಅಲ್ಲಿಂದ ಮುಂದಿನದ್ ಹ್ಯಾಂಗಾರೂ ಗುಟ್ಟಂಗೆ ಹೇಳ್ತೆ."

ತೊಂಬತ್ತೇಳು. ಈ ಮೂರ್ಖತನವನ್ನು ಅವನು ಮನಃಪೂರ್ವಕ ನಂಬಿದ್ದ.

ಪ್ರಫುಲ್ಲೆ ಆ ಅಂಕವನ್ನೇ ನೋಡಿದಳು. ಹೇಳುವುದಿಲ್ಲ ಎಂದನೇ ಹೊರತು, ಕೇಳಬೇಡ ಎನ್ನಲಿಲ್ಲವಲ್ಲ.

"ಸಾರ್, ನಕ್ಷೆ ತೆಗೀರಿ. ನಾನು ಹೇಳಿದ ಹಾಗೆ ಅರ್ಧರ್ಧ ಅಳಿಸ್ತಾ ಬನ್ನಿ." ಮೈಕಿಗೆ ಬಾಯಿ ಕೊಟ್ಟಳು. "ಲೈಟ್ ಹೌಸಿನಿಂದ ಉತ್ತರಕ್ಕಿದ್ದೀರಾ?"

"ಅಲ್ಲ." ಏಳು. ಉಪಾಧ್ಯರು ನಕ್ಷೆಯ ದಕ್ಷಿಣಾರ್ಧವನ್ನು ಅಳಿಸಿದರು.

"ಮೂವತ್ತು ಮಾರಿಗಿಂತ ಆಳದಲ್ಲಿದ್ದೀರಾ?"

"ಅಲ್ಲ." ಐದು. ಪ್ರಫುಲ್ಲೆ ಕಣ್ಣು ಮುಚ್ಚಿ ತೆರೆದಳು. ಅದರ ಜಗಳ ಆಮೇಲೆ.

"ನಲವತ್ತಕ್ಕಿಂತ ಆಳವಾ?"

"ಅಲ್ಲ." ತೊಂಬತ್ತೈದು.

"ಅತ್ತಿಗೆ," ಶೀನ ನಡುವೆ ಬಾಯಿ ಹಾಕಿದ, "ಉತ್ತರವೂ ಅಲ್ಲ, ಆಳವೂ ಅಲ್ಲ ಅಂದ್ರೆ ಭೋಜಣ್ಣ ಇಪ್ಪುದ್ ಎಲ್ಲಿ? ಐಸ್ ಫ್ಯಾಕ್ಟ್ರಿಯಂಗಾ?"

"ನೀವು ಸುಮ್ನಿರಿ ಶೀನಣ್ಣ! ಜಲಜ್ಯೋತಿ, ಹೊಳೆಬಾಯಿಯ ಗುಡ್ಡ ನಿಮ್ಮ ಬಲಕ್ಕಿತ್ತಾ?"

ಭೋಜ ನಕ್ಕ. ನೀರಿನ ಸದ್ದಿನ ನಡುವೆ ಸಣ್ಣಗೆ ಕೇಳಿತು ಆ ನಗೆ. "ನೀ ಎಂತ ಮಾಡ್ತಾ ಇದ್ದೆ ಅಂತ ನಂಗ್ ಗೊತ್ತಾಯ್ತ್. ನಾ ಹೇಳಿದ್ದಲ್ಲ ಮತ್ತೆ, ಕಾಣ್! ಕೇಳ್, ಬೇಗ ಕೇಳ್. ಅಲ್ಲ!"

ಅಲ್ಲಿಂದ ಮುಂದೆ ಕೆಲಸ ಓಡಿತು. ಅವಳು ಕೇಳುವಳು, ಅವನು ಅಲ್ಲ ಎಂದು ಕೂಗುವನು, ಉಪಾಧ್ಯರು ಅಳಿಸುವರು. ಬರಬರುತ್ತ ಅವನ 'ಅಲ್ಲ'ಕ್ಕೆ ಹುರುಪು ಬಂದು, ಅವಳು ವಾಕ್ಯ ಮುಗಿಸುವ ಮೊದಲೇ "ಅಲ್ಲ! ಅಲ್ಲವೇ ಅಲ್ಲ!" ಎನ್ನತೊಡಗಿದ. ನಕ್ಷೆಯ ಮೇಲೆ ಸಮುದ್ರ ಕರಗುತ್ತ ಕರಗುತ್ತ ಒಂದು ಮನೆಯಂಗಳದಷ್ಟು ಉಳಿಯಿತು. ಉಪಾಧ್ಯರು ಅದರ ಮೇಲೆ ಬೆರಳಿಟ್ಟು, ರಕ್ಷಣಾ ಬೋಟಿನವರಿಗೆ ಆಫೀಸಿನ ಗುಟ್ಟಿನ ಚಾನೆಲ್ಲಿನಲ್ಲಿ ಜಾಗ ತಿಳಿಸಿದರು. ಹದಿನಾರರಲ್ಲಿ ಕಿವಿ ನಿಮಿರಿಸಿ ಕುಳಿತವರಿಗೆ ಬರೀ 'ಅಲ್ಲ'ಗಳ ಸರಮಾಲೆ ಸಿಕ್ಕಿತ್ತು. ಯಾವ 'ಅಲ್ಲ' ಹೌದು ಎಂಬುದು ಪರದೆ ನೋಡಿದವರಿಗೆ ಮಾತ್ರ ಗೊತ್ತು. ಭೋಜನ ಮಾತೂ ಉಳಿಯಿತು, ಜಾಗವೂ ಉಳಿಯಿತು.

"ಶಾಬಾಸ್!" ಎಂದರು ಉಪಾಧ್ಯರು. ಆಮೇಲೆ ಅಳತೆಪಟ್ಟಿ ಇಟ್ಟು ದೂರ ನೋಡಿದರು. ಅವರ ಮುಖ ಇಳಿಯಿತು. "ಈ ಗಾಳಿಯಲ್ಲಿ ನಮ್ಮವರು ಮುಟ್ಟಲಿಕ್ಕೆ ಎರಡು ಗಂಟೆ ಬೇಕು ಪ್ರಫುಲ್ಲಾ."

"ಜಲಜ್ಯೋತಿ, ನೀರು ಎಲ್ಲಿಗೆ ಬಂತು?"

"ಇಂಜಿನ್ ಮುಳ್ಗಿತ್ತ್. ಒಂದ್ ಗಂಟೆ ತಡೀಗು." ಈಗ ಅವನ ದನಿಯಲ್ಲಿ ನಗೆಯಿರಲಿಲ್ಲ. ಪರದೆಯ ಮೇಲೆ ನೂರು.

ಹತ್ತಿರದಲ್ಲಿ ಬೇರೆ ಬೋಟು ಇದ್ದರೆ ಬದುಕು. ಯಾವ ಬೋಟು ಎಲ್ಲಿದೆಯೋ ದೇವರಿಗೇ ಗೊತ್ತು. ಕೇಳಿದರೆ ಎಲ್ಲರೂ ಲೈಟ್ ಹೌಸ್ ಎದುರಿಗೆ. ಒಬ್ಬೊಬ್ಬನಿಗೂ ಹೀಗೆ ಪ್ರಶ್ನೆ ಹಾಕುತ್ತ ಕುಳಿತರೆ ಬೆಳಗಾದೀತು. ಇನ್ನುಳಿದದ್ದು ಒಂದೇ ದಾರಿ: ಭೋಜನ ಜಾಗವನ್ನು ಹದಿನಾರರಲ್ಲಿ, ಊರೆಲ್ಲ ಕೇಳುವಂತೆ ಹೇಳಿಬಿಡುವುದು. ಮೂರು ತಲೆಮಾರು ಬಾಯಿಬಿಡದೆ ಕಾದುಕೊಂಡ ಜಾಗ. ಗಂಡ ತನಗೂ ಹೇಳದ, ಈಗಷ್ಟೇ ಸುಳ್ಳಿನ ಸೆರಗಿನಲ್ಲಿ ಕಟ್ಟಿ ಕೊಟ್ಟ ಜಾಗ. ಅವನು ಬದುಕಿ ಬಂದು, ಆಮೇಲೆ ತನ್ನೊಡನೆ ಮಾತೇ ಆಡದಿದ್ದರೆ?

ಬದುಕಿ ಬಂದರೆ ತಾನೇ ಮಾತಾಡದೇ ಇರುವುದು, ಎಂದುಕೊಂಡು ಪ್ರಫುಲ್ಲೆ ಮೈಕಿನ ಗುಂಡಿ ಒತ್ತಿದಳು.

"ಎಲ್ಲ ಬೋಟುಗಳ ಗಮನಕ್ಕೆ. ಜಲಜ್ಯೋತಿ ಲೈಟ್ ಹೌಸ್ ಎದುರಿಗಿಲ್ಲ." ಅಕ್ಷಾಂಶ ಹೇಳಿದಳು, ರೇಖಾಂಶ ಹೇಳಿದಳು, ಅದು ತಿಳಿಯದವರಿಗಾಗಿ ಗುಡ್ಡದ ಗುರುತು ಹೇಳಿದಳು, ಎಷ್ಟು ಮಾರು ಆಳವೆಂದು ಹೇಳಿದಳು. ಏನನ್ನೂ ಬಿಡಲಿಲ್ಲ. "ಹತ್ತಿರ ಇರುವವರು ಈಗಲೇ ಹೋಗಿ."

"ಅಯ್ಯೋ, ಎಂತ ಮಾಡ್ದೆ ಮಾರಾಯ್ತಿ!" ಎಂದ ಭೋಜ.

ಆಮೇಲೆ ಹದಿನಾರನೇ ಚಾನೆಲ್ಲಿನಲ್ಲಿ ಎಂದೂ ಇಲ್ಲದ ಮೌನ. ಪ್ರಫುಲ್ಲೆ ಅರಿವಿಲ್ಲದೆ ಮತ್ತೆ ಗುಂಡಿ ಒತ್ತಿದಳು, ಗಾಬರಿಯಾಗಿ ಬೆರಳು ತೆಗೆದಳು. ಅದು ಒತ್ತಿದ್ದರೆ ಇತರರ ದನಿ ಕೇಳುವುದಿಲ್ಲ.

"ಅತ್ತಿಗೆ," ಎಂದ ಶೀನ. ದನಿ ತುಂಬ ಮೆತ್ತಗಿತ್ತು. "ಅದ್... ನಾನ್ ಅಲ್ಲಿಂದಲೇ ಹೊರ್ಟದ್ದ್. ತಿರ್ಗಿಸ್ತೆ."

"ಎಲ್ಲಿಂದ?"

"ಅಲ್ಲಿಂದಲೇ. ಒಂದ್ ಕೂಗಳ್ತಿ ತೆಂಕಕ್ಕೆ ಇದ್ದಿದ್ದೆ. ಮಳಿಯಂಗೆ ಕಾಣ್ಲಿಲ್ಲ."

ಪರದೆಯ ಮೇಲೆ ತೊಂಬತ್ತೊಂಬತ್ತು. ಅವನ ಬೆನ್ನಿಗೆ ಇನ್ನೊಬ್ಬ ಕೆಮ್ಮಿದ: "ನಾನೂ ಅಲ್ಲೇ ಬಡಗ ಬದಿಯಂಗೆ ಇದ್ದಿದ್ದೆ." ಮತ್ತೊಬ್ಬ: "ನಾನ್ ಬಲಿ ಎತ್ತಿ ಹೊರಡುಕೆ ಸ್ವಲ್ಪ ತಡ ಆಯ್ತ್. ಅಲ್ಲೇ ಇದ್ದೆ ಇನ್ನೂ." ಒಬ್ಬೊಬ್ಬರಾಗಿ ಐದು ತಂಡೇಲರು ಒಪ್ಪಿಕೊಂಡರು. ಭೋಜನದೂ ಸೇರಿ ಊರಿನ ಆರು ಮನೆತನಗಳು ಅಪ್ಪನಿಂದ ಮಗನಿಗೆ, ಪ್ರಾಣ ಹೋದರೂ ಹೇಳಬಾರದೆಂದು ಆಣೆ ಹಾಕಿಸಿ ಕಾದುಕೊಂಡು ಬಂದಿದ್ದ ಜಾಗ ಒಂದೇ ಆಗಿತ್ತು. ಮಂಜು ಮಳೆಯ ದಿನ ನೋಡಿ ಕದ್ದು ಹೋಗುತ್ತಿದ್ದುದರಿಂದ ಒಬ್ಬರಿಗೊಬ್ಬರು ಕಂಡಿರಲಿಲ್ಲ, ಅಷ್ಟೆ.

ಬಲೆ ಎತ್ತುತ್ತಿದ್ದವನು ಮೊದಲು ಮುಟ್ಟಿದ. ಹಿಂದೆಯೇ ಸಾಗರಪುತ್ರ. ಮೂರು ಪಂಪು ಒಟ್ಟಿಗೆ ಹಚ್ಚಿದರು, ಒಡೆದ ಜಾಗಕ್ಕೆ ಗೋಣಿ ತುರುಕಿದರು, ಎರಡೂ ಬದಿಗೆ ಬೋಟು ಕಟ್ಟಿ ಜಲಜ್ಯೋತಿಯನ್ನು ಕಂಕುಳಿಗೆ ಕೈಕೊಟ್ಟಂತೆ ಎತ್ತಿಹಿಡಿದರು. ಇದೆಲ್ಲ ಪ್ರಫುಲ್ಲೆಗೆ ತಿಳಿದದ್ದು ಆಮೇಲೆ. ಆ ಹೊತ್ತಿಗೆ ಅವಳಿಗೆ ಕೇಳಿಸಿದ್ದು ಇಷ್ಟು:

"ಶೀನ, ಕಳ್ಳ! ನೀ ಎಂತ ಮಾಡ್ತಿದ್ದೆ ನಮ್ಮ ಅಪ್ಪಯ್ಯನ ಜಾಗದಂಗೆ?"

"ನಿನ್ನ ಅಪ್ಪಯ್ಯನದ್ದಾ? ನನ್ನ ಅಜ್ಜಯ್ಯನದ್ದ್ ಅದ್! ಮೊದ್ಲ್ ಹಗ್ಗ ಹಿಡಿ, ಕಡಿಗ್ ಬಾಯ್ ಮಾಡ್!"

"ಹಿಡ್ದಿದ್ದೆ ಮಾರಾಯ! ಅಲ್ಲ, ಮೊನ್ನೆ ಎಂತದೂ ಸಿಕ್ಲಿಲ್ಲ ಅಂದೆ ಅಲ್ದಾ ನೀನ್?"

"ನೀನೂ ಹಂಗೇ ಅಂದಿದ್ದೆ!"

"ಅಪಾಯದ ಚಾನೆಲ್ಲಿನಲ್ಲಿ ಜಗಳ ಕೂಡದು ಅಂತ ಹೇಳಿ" ಎಂದರು ಉಪಾಧ್ಯರು. ಪ್ರಫುಲ್ಲೆ ಮೈಕಿನತ್ತ ಕೈ ಚಾಚಿದಳು, ಚಾಚಿದ ಕೈಯಲ್ಲೇ ಮುಖ ಮುಚ್ಚಿಕೊಂಡಳು. ಉಪಾಧ್ಯರು ಮತ್ತೆ ಹೇಳಲಿಲ್ಲ.

ಬೋಟು ದುರಸ್ತಿಗೆ ಏರಿತು. ಭೋಜ ಮನೆಗೆ ಬಂದು ಬಿಸಿನೀರು ಸ್ನಾನ ಮಾಡಿ, ಎರಡು ಬಾರಿ ಅನ್ನ ಹಾಕಿಸಿಕೊಂಡು ಉಂಡ, ಮಾತಿಲ್ಲ. ಪ್ರಫುಲ್ಲೆ ಬಡಿಸಿದಳು, ಮಾತಿಲ್ಲ. ಮೂವತ್ತು ಮಾರಿನ ಜಗಳವನ್ನು ಅವಳು ನಾಲಿಗೆಯ ತುದಿಯಲ್ಲೇ ಹಿಡಿದುಕೊಂಡಿದ್ದಳು. ಮುತ್ತಕ್ಕ ಇಬ್ಬರನ್ನೂ ನೋಡಿ ನೋಡಿ, "ಇಬ್ರಿಗೂ ಕಷಾಯ ಕಾಸ್ಕಾ?" ಎಂದರು.

ಕೈತೊಳೆಯಲು ಹೊರಗೆ ಹೋದವನು ಬಾವಿಕಟ್ಟೆಯ ಬಳಿ ನಿಂತು ಕರೆದ. ಅವಳು ಚೊಂಬು ಹಿಡಿದು ಹೋದಳು. ಅವನು ಅತ್ತಿತ್ತ ನೋಡಿದ, ಬಾವಿಯೊಳಗೂ ಒಮ್ಮೆ ಬಗ್ಗಿ ನೋಡಿದ. ಆಮೇಲೆ ಅವಳ ಕಿವಿಗೆ ಬಾಯಿಟ್ಟು ಒಂದು ಗುಡ್ಡದ ಗುರುತು, ಒಂದು ದಿಕ್ಕು, ಒಂದು ಆಳ ಹೇಳಿದ. ಇದು ಬೇರೆಯೇ ಜಾಗ. ಇದನ್ನು ಅಪ್ಪ ಹೇಳಿಕೊಟ್ಟದ್ದಲ್ಲ, ಅವನೇ ಹುಡುಕಿಕೊಂಡದ್ದು.

"ಇನ್ನೊಂದ್ ಸಲ ನೀರ್ ಬಂದ್ರೆ ಅಷ್ಟೆಲ್ಲ ಕೇಳ್ತಾ ಕೂಕಣೂದ್ ಬೇಡ," ಎಂದ. "ನಿಂಗೊಬ್ಳಿಗೆ ಗೊತ್ತಿರ್ಲಿ."

"ಎಷ್ಟು ಆಳ ಅಂದ್ರಿ?"

"ಈಗ ಹೇಳ್ದೆ ಅಲ್ದಾ? ಅಷ್ಟೇ ಆಳ. ಬೈಯುದಾರೆ ಈಗ್ಲೇ ಬೈದ್ಬಿಡ್."

ಅವಳು ಬೈದಳು. ಸಾಕಷ್ಟು ಹೊತ್ತು, ಚೊಂಬು ಕೆಳಗಿಡದೆ ಬೈದಳು. ಅವನು ಬಾವಿಕಟ್ಟೆಯ ಮೇಲೆ ಕುಳಿತು ಪೂರ್ತಿ ಕೇಳಿಸಿಕೊಂಡ.

ಜಲಜ್ಯೋತಿ ಮತ್ತೆ ನೀರಿಗಿಳಿದ ಬೆಳಿಗ್ಗೆ ಪ್ರಫುಲ್ಲೆ ಕೇಂದ್ರದಲ್ಲಿ ಕುಳಿತಿದ್ದಳು. ಭೋಜ ಹೋದ ದಿಕ್ಕು ಅವಳಿಗೆ ಗೊತ್ತಿತ್ತು. ಗೊತ್ತಿದ್ದುದರಿಂದ ಕಳವಳವೇನೂ ಕಡಿಮೆಯಾಗಿರಲಿಲ್ಲ. ಮೊದಲು ಇಡೀ ಸಮುದ್ರಕ್ಕೆ ಹರಡಿದ್ದುದು ಈಗ ಒಂದೇ ಜಾಗದಲ್ಲಿ ಗಟ್ಟಿಯಾಗಿ ಕುಳಿತಿತ್ತು, ಅಷ್ಟೆ. ರೇಡಿಯೋ ಗೊರಗುಟ್ಟಿತು.

"ಅತ್ತಿಗೆ, ಶೀನ ಮಾತಾಡೂದ್. ಭೋಜಣ್ಣ ನಮ್ಮ ಜಾಗದಂಗೆ ಇಲ್ಲೆ ಇವತ್ತ್. ಎಲ್ಲಿಗ್ ಹೋದ?"

ಮಾತನ್ನು ಅಳೆದು ಆಡುವ ಹೆಂಗಸು ಪ್ರಫುಲ್ಲೆ. ಗುಂಡಿ ಒತ್ತುವ ಮೊದಲು ಪದಗಳನ್ನು ಒಮ್ಮೆ ಮನಸ್ಸಿನಲ್ಲೇ ಹೇಳಿ ನೋಡಿದಳು.

"ನಂಗೆ ಗೊತ್ತಿಲ್ಲೆ ಶೀನಣ್ಣ. ಗಂಡಸ್ರು ಮನಿಯಂಗೆ ಇದೆಲ್ಲ ಹೇಳ್ತ್ರಾ?"

ಪರದೆಯ ಮೇಲೆ ಕೆಂಪಕ್ಷರದಲ್ಲಿ ಆರು ಎಂದು ಬಂದು ನಿಂತಿತು. ಉಪಾಧ್ಯರು ಪರದೆಯನ್ನು ನೋಡಿದರು, ಪ್ರಫುಲ್ಲೆಯನ್ನು ನೋಡಿದರು. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ನಿಧಾನವಾಗಿ ಒರೆಸಿದರು.

"ಯಂತ್ರ ಕೆಟ್ಟಿದೆ ಅಂತ ಕಾಣ್ತದೆ ಮಾರಾಯ್ರೆ" ಎಂದರು, ಮೈಕಿನ ತೀರ ಹತ್ತಿರ ಬಾಗಿ.

ಸತ್ಯವಾಣಿ ಅವರಿಗೆ ನಾಲ್ಕು ಕೊಟ್ಟಿತು.